ಎಐ ನೆರವಿನ ಮುಖಪುಟ: ಹಕ್ಕು ಯಾರದು?

ಪ್ರಶ್ನೆ: ನಾನು ಮುಖಪುಟ ಕಲಾವಿದೆ. ಒಂದು ಕಥಾಸಂಕಲನಕ್ಕಾಗಿ ಎಐ ತಂತ್ರಾಂಶದಿಂದ ಹಳೆಯ ಪೇಟೆಬೀದಿಯೊಂದರ ಚಿತ್ರ ಪಡೆದು, ಅದರಲ್ಲಿದ್ದ ಜನರನ್ನು ಅಳಿಸಿ, ಹೂ ಮಾರುವ ಹೆಂಗಸನ್ನು ನಾನೇ ಬಿಡಿಸಿ, ಬಣ್ಣಗಳನ್ನೂ ಬದಲಿಸಿದೆ. 'ಚಿತ್ರದ ಸಂಪೂರ್ಣ ಹಕ್ಕುಸ್ವಾಮ್ಯ ನನ್ನದು' ಎಂದು ಬರೆದುಕೊಡುವಂತೆ ಪ್ರಕಾಶಕರು ಕೇಳುತ್ತಿದ್ದಾರೆ. ಸಹಿ ಹಾಕಬಹುದೇ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ಆ ಒಕ್ಕಣೆಗೆ ದಯವಿಟ್ಟು ಸಹಿ ಹಾಕಬೇಡಿ. 1957ರ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಕಂಪ್ಯೂಟರಿನಿಂದ ರಚಿತವಾದ ಕಲಾಕೃತಿಗೆ, ಅದು ರಚನೆಯಾಗಲು ಕಾರಣರಾದ ವ್ಯಕ್ತಿಯೇ ಕರ್ತೃ. ಇದನ್ನೇ ಹಿಡಿದು, ಎಐಗೆ ಸೂಚನೆ ಕೊಟ್ಟವರಿಗೆಲ್ಲ ಹಕ್ಕು ಸಿಗುತ್ತದೆಂದು ಹಲವರು ನಂಬಿದ್ದಾರೆ. ಆದರೆ ಕೃತಿ ಸ್ವೋಪಜ್ಞ, ಅಂದರೆ ಕರ್ತೃವಿನ ಸ್ವಂತ ರಚನೆ, ಆಗಿರಬೇಕೆಂಬ ಷರತ್ತೂ ಅದೇ ಕಾಯ್ದೆಯಲ್ಲಿದೆ. ಬರೀ ಶ್ರಮ ಸಾಲದು, ಸ್ವಲ್ಪವಾದರೂ ಸೃಜನಶೀಲತೆ ಇರಬೇಕೆಂದು ಸುಪ್ರೀಂ ಕೋರ್ಟ್ ಈಸ್ಟರ್ನ್ ಬುಕ್ ಕಂಪನಿ ಪ್ರಕರಣದಲ್ಲಿ ಹೇಳಿದೆ. ನೀವು ಬಿಡಿಸಿದ ಹೆಂಗಸು, ನೀವು ಆಯ್ದ ಬಣ್ಣ, ಒಟ್ಟು ಸಂಯೋಜನೆ ಈ ಪರೀಕ್ಷೆಯಲ್ಲಿ ನಿಲ್ಲುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಿನ್ನೆಲೆಯ ಬೀದಿಯ ಬಗ್ಗೆ ಅಷ್ಟು ಭರವಸೆ ಕೊಡಲಾರೆ. ಅಮೆರಿಕದ ಹಕ್ಕುಸ್ವಾಮ್ಯ ಕಚೇರಿಯು 2023ರಲ್ಲಿ ಕಾಮಿಕ್ ಪುಸ್ತಕವೊಂದರ ಬರಹಕ್ಕೂ ಜೋಡಣೆಗೂ ರಕ್ಷಣೆ ಕೊಟ್ಟು, ಮಿಡ್‌ಜರ್ನಿ ಎಂಬ ಎಐ ತಂತ್ರಾಂಶ ತಯಾರಿಸಿದ ಬಿಡಿ ಚಿತ್ರಗಳಿಗೆ ನಿರಾಕರಿಸಿತು. ಅದು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲವಾದರೂ, ನಿಮ್ಮ ಪುಸ್ತಕ ಅಲ್ಲಿ ಇ-ಬುಕ್ ಆಗಿ ಮಾರಾಟವಾದರೆ ಆ ನಿಲುವನ್ನು ಎದುರಿಸಲೇಬೇಕಾಗುತ್ತದೆ.

ತಂತ್ರಾಂಶದ ಕಂಪನಿ 'ಚಿತ್ರ ಬಳಕೆದಾರರದೇ' ಎಂದು ನಿಯಮಗಳಲ್ಲಿ ಬರೆದಿದ್ದರೆ, ತನ್ನ ಪಾಲಿನ ಹಕ್ಕನ್ನು ಕೇಳುವುದಿಲ್ಲ ಎಂದಷ್ಟೇ ಅದರ ಅರ್ಥ. ಕಾನೂನು ಕೊಡದ ಹಕ್ಕನ್ನು ಕಂಪನಿ ಕೊಡಲಾಗದು. ನೋಂದಣಿಯೂ ಕೊನೆಯ ಮಾತಲ್ಲ: 2020ರಲ್ಲಿ ಎಐಯನ್ನು ಸಹಕರ್ತೃವೆಂದು ತೋರಿಸಿದ ಕಲಾಕೃತಿಯೊಂದನ್ನು ನಮ್ಮ ಹಕ್ಕುಸ್ವಾಮ್ಯ ಕಚೇರಿ ನೋಂದಾಯಿಸಿ, ಮರುವರ್ಷ ಅದನ್ನು ಹಿಂಪಡೆಯುವ ನೋಟಿಸ್ ಕೊಟ್ಟಿತು.

ಕಲಾವಿದರಲ್ಲಿ ಅನೇಕರಿಗೆ ತಿಳಿಯದ ಇನ್ನೊಂದು ಅಂಶವಿದೆ. ಹಣ ಕೊಟ್ಟು ಬರೆಸಿದ ವರ್ಣಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಸಿದವರೇ ಹಕ್ಕಿನ ಮೊದಲ ಒಡೆಯರೆಂದು ಅದೇ ಕಾಯ್ದೆಯ 17ನೆಯ ಸೆಕ್ಷನ್ ಹೇಳುತ್ತದೆ. ಆದ್ದರಿಂದ ಹಕ್ಕನ್ನು ಉಳಿಸಿಕೊಳ್ಳುವ ಇಚ್ಛೆಯಿದ್ದರೆ ಮುಂದಿನ ಕೆಲಸಗಳಲ್ಲಿ ಮುಂಗಡ ಪಡೆಯುವ ಮೊದಲೇ ಲಿಖಿತ ಒಪ್ಪಂದ ಮಾಡಿಕೊಳ್ಳಿ.

ಈಗ ಪ್ರಕಾಶಕರಿಗೆ ಹೀಗೆ ಬರೆದುಕೊಡಿ: 'ಹೆಂಗಸಿನ ಆಕೃತಿ, ವರ್ಣಯೋಜನೆ ಮತ್ತು ಒಟ್ಟು ಸಂಯೋಜನೆ ನನ್ನ ರಚನೆ, ಬೀದಿಯ ಹಿನ್ನೆಲೆಯನ್ನು ಎಐ ನೆರವಿನಿಂದ ಪಡೆಯಲಾಗಿದೆ.' ಪೆನ್ಸಿಲ್ ಕರಡು, ಎಐಗೆ ಕೊಟ್ಟ ಸೂಚನೆಗಳು, ಲೇಯರುಗಳು (ಚಿತ್ರದ ಪದರಗಳು) ಬೇರೆಬೇರೆಯಾಗಿಯೇ ಇರುವ ಮೂಲ ಕಡತ ಇವನ್ನು ದಿನಾಂಕಸಹಿತ ಕಾಪಾಡಿಕೊಳ್ಳಿ. ನಾಳೆ ಬೇರೊಬ್ಬರು ಅದೇ ಮುಖಪುಟವನ್ನು ಡೈರಿಗಳ ಮೇಲೆ ಅಚ್ಚುಹಾಕಿ ಮಾರಿದರೆ, ನ್ಯಾಯಾಲಯದ ಮುಂದೆ ಇಡಬೇಕಾದ ಸಾಕ್ಷ್ಯ ಅದೇ.