ಗುಳಂಬಾ ಆರಿದ ಮ್ಯಾಲ ಕಲ್ಲಾದರ

ಗುಳಂಬಾ ಅಂದರ ಮಾವಿನಕಾಯಿ ತುರಿ, ಬೆಲ್ಲ ಕೂಡಿಸಿ ಕುದಿಸಿದ ಸಿಹಿ. ನಿಮ್ಮದು ಆರಿದ ಮ್ಯಾಲ ಕಲ್ಲಿನಂಗ ಆಗಿದ್ದರ, ಪಾಕ ಏರಿರಬೇಕ್ರಿ. ಅಂಗಡಿ ಜಾಮಿನಷ್ಟು ಗಟ್ಟಿ ಒಲಿ ಮ್ಯಾಲೇ ಬರಲಿ ಅಂತ ನೀವು ಕಾಯ್ದಿರ್ತೀರಿ. ಜಾಮ್ ಹಣ್ಣಿನಾಗಿನ ಪೆಕ್ಟಿನ್ ಅನ್ನೂ ಅಂಟಿನಿಂದ ಹೆಪ್ಪುಗಟ್ಟತೈತಿ. ಗುಳಂಬಾ ನಿಲ್ಲೂದು ಬೆಲ್ಲದ ಪಾಕದ ಮ್ಯಾಲ, ಆರಿದಂಗ ಇನ್ನೂ ಬಿಗಿ ಆಗತೈತಿ. ಚಪಾತಿಗೆ ಹಚ್ಚಾಕ ಅದು ಸಡಿಲಾನೇ ಇರಬೇಕು.

ಈಗ ಒಂದು ಬಟ್ಟಲ ಗುಳಂಬಾಕ್ಕ ಎರಡು ಚಮಚ ಬಿಸಿನೀರು ಹಾಕಿ, ಸಣ್ಣ ಉರಿಯಾಗ ಕೈಯಾಡಿಸಿ, ಕರಗಿದ ಕೂಡಲೇ ಇಳಿಸ್ರಿ. ನೀರು ಸೇರಿದ್ದಕ್ಕ ಬೂಷ್ಟು ಬರಬಹುದು, ಫ್ರಿಜ್ಜಿನಾಗ ಇಡ್ರಿ.

ಮುಂದಿನ ಸಲ ಮಾವಿನಕಾಯಿ ತುರಿ ಮೊದಲು ಮೆತ್ತಗ ಬೇಯಿಸ್ರಿ; ಮೊದಲೇ ಬೆಲ್ಲ ಬಿದ್ದರ ತುರಿ ನಾರಿನಂಗ ಉಳಿತೈತಿ. ಆಮ್ಯಾಲ ಸಮ ಅಳತಿ ಬೆಲ್ಲ, ಹುಳಿ ಜಾಸ್ತಿ ಇದ್ದರ ಒಂದೂವರೆ ಪಟ್ಟು. ಹೆಸರಾದ ಮಹಾಲಿಂಗಪುರದ ಬೆಲ್ಲ ಆದರೂ ಕರಗಿಸಿ ಸೋಸಿಯೇ ಹಾಕ್ರಿ. ಬೆರಳ ನಡುವ ಒಂದೆಳಿ ಬಂದ ಕೂಡಲೇ ಒಲಿ ಆರಿಸಿ, ಯಾಲಕ್ಕಿ ಹಾಕ್ರಿ.