ಸಂಪಾದಕರ ಉತ್ತರ: ಆಯಾ ಹೇಳಿದ್ದು ಗುಸುಗುಸು ಅಲ್ಲ, ಮೇಷ್ಟ್ರೇ

ದಾವಣಗೆರೆಯ ವಿದ್ಯಾನಗರದಿಂದ ನಿವೃತ್ತ ಇತಿಹಾಸ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೋದ ಸಂಚಿಕೆಯಲ್ಲಿ ನಾವು ಮೈಕೆಲ್ ಸ್ವಾಂಗೋ ಎಂಬ ಅಮೆರಿಕದ ಡಾಕ್ಟರ್ ಬಗ್ಗೆ ಲೇಖನ ಹಾಕಿದ್ದೆವು. ರೋಗಿಗಳಿಗೂ ಜೊತೆಗೆ ಕೆಲಸ ಮಾಡುವವರಿಗೂ ಗುಟ್ಟಾಗಿ ವಿಷ ಹಾಕಿದವನು ಆತ. ಲೇಖನ ಓದಿ ಮೇಷ್ಟ್ರಿಗೆ ಬೇಸರವಾಗಿದೆ. ಅವರ ಮಾತು ಹೀಗಿದೆ: "ನಮ್ಮೂರು ಡಾಕ್ಟರುಗಳ ಊರು. ನನ್ನ ಮೊಮ್ಮಗಳೂ ಇಲ್ಲೇ ಎಂಬಿಬಿಎಸ್ ಓದುತ್ತಿದ್ದಾಳೆ. ಎಲ್ಲೋ ಒಬ್ಬ ತಲೆಕೆಟ್ಟವನ ಕಥೆ ಹಾಕಿ ಜನರಲ್ಲಿ ಅನುಮಾನ ಬಿತ್ತುವುದು ಯಾಕೆ? ಅದರಲ್ಲೂ ನರ್ಸುಗಳ, ಆಯಾಗಳ ಗುಸುಗುಸು ಮಾತನ್ನು ಸಾಕ್ಷಿ ಎನ್ನುವಂತೆ ಬರೆದಿದ್ದೀರಿ."

ಮೇಷ್ಟ್ರೇ, ನಿಮ್ಮ ಒಂದು ಮಾತು ಒಪ್ಪುತ್ತೇನೆ. ಡಾಕ್ಟರುಗಳಲ್ಲಿ ಬಹುಪಾಲು ಜನ ನಿದ್ದೆಗೆಟ್ಟು ದುಡಿಯುವವರು. ರೋಗಿ ಉಳಿಯಲಿಲ್ಲ ಅಂತ ಕ್ಯಾಶುವಾಲ್ಟಿಗೆ ನುಗ್ಗಿ ಹೊಡೆಯುವವರನ್ನು ಈ ಪತ್ರಿಕೆ ಯಾವತ್ತೂ ಸಮರ್ಥಿಸಿಲ್ಲ. 1965ರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು ಶುರುವಾದ ಮೇಲೆ ಈ ಊರಿನ ಬದುಕೇ ಬದಲಾಯಿತು. ಅದೂ ನಿಜ.

ಆದರೆ "ಗುಸುಗುಸು" ಅಂದಿರಲ್ಲ, ಆ ಒಂದು ಪದ ನನ್ನನ್ನು ಎರಡು ರಾತ್ರಿ ಮಲಗಲು ಬಿಡಲಿಲ್ಲ.

ಸ್ವಾಂಗೋ ಕಥೆಯನ್ನೇ ಇನ್ನೊಮ್ಮೆ ನೋಡೋಣ. 1983ರಲ್ಲಿ ಆತ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಆಸ್ಪತ್ರೆಗೆ ಇಂಟರ್ನ್ ಆಗಿ ಸೇರಿದ. ಹುಷಾರಾಗುತ್ತಿದ್ದ ರೋಗಿಗಳು ಇದ್ದಕ್ಕಿದ್ದಂತೆ ಸಾಯತೊಡಗಿದರು. ಈತ ವಾರ್ಡಿಗೆ ಬಂದು ಹೋದ ಮೇಲೇ ಹೀಗಾಗುತ್ತದೆ ಎಂದು ಮೊದಲು ಗಮನಿಸಿದ್ದು ನರ್ಸುಗಳು. 1984ರ ಫೆಬ್ರವರಿಯಲ್ಲಿ ಒಬ್ಬ ವಯಸ್ಸಾದ ರೋಗಿಯ ಹಾಸಿಗೆ ಪಕ್ಕ ಈತ ಸಿರಿಂಜ್ ಹಿಡಿದು ನಿಂತಿದ್ದನ್ನು ಕಣ್ಣಾರೆ ಕಂಡರು. ಸ್ವಲ್ಪ ಹೊತ್ತಿಗೆ ಆ ಹೆಂಗಸಿಗೆ ಉಸಿರು ಕಟ್ಟಿತು, ಕೈಕಾಲು ಆಡದಾಯಿತು. ಪುಣ್ಯಕ್ಕೆ ಬದುಕಿಕೊಂಡರು. ಯಾರೋ ಬಂದು ಇಂಜೆಕ್ಷನ್ ಕೊಟ್ಟರು ಅಂತ ಅವರೂ ಹೇಳಿದರು. ನರ್ಸುಗಳು ಮೇಲಿನವರಿಗೆ ತಿಳಿಸಿದರು. ದೊಡ್ಡ ಡಾಕ್ಟರುಗಳು ಒಳಗೊಳಗೇ ಒಂದು ವಿಚಾರಣೆ ನಡೆಸಿ ಕೆಲವೇ ದಿನದಲ್ಲಿ ಮುಗಿಸಿದರು. ಸ್ವಾಂಗೋ ಹೇಳಿದ್ದು ಮಾತಾಯಿತು, ನರ್ಸುಗಳು ಹೇಳಿದ್ದು ನೀವಂದ ಹಾಗೆ ಗುಸುಗುಸು ಆಯಿತು. ಇಂಟರ್ನ್‌ಶಿಪ್ ಮುಗಿದ ಮೇಲೆ ಅವನನ್ನು ಮುಂದುವರಿಸಲಿಲ್ಲ, ಅಷ್ಟೆ. ಪೊಲೀಸರಿಗೆ ಯಾರೂ ಹೇಳಲಿಲ್ಲ.

ಅಲ್ಲಿಂದ ಆತ ತನ್ನ ಊರು ಕ್ವಿನ್ಸಿಗೆ ಬಂದು ಆಂಬುಲೆನ್ಸ್ ಕೆಲಸಕ್ಕೆ ಸೇರಿದ. ನಮ್ಮ ಕಡೆ ನೈಟ್ ಡ್ಯೂಟಿಯವರು ಒಬ್ಬರಿಗೊಬ್ಬರು ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬರುತ್ತಾರಲ್ವಾ, ಹಾಗೆ ಜೊತೆಯವರಿಗೆ ಡೋನಟ್ ತಂದುಕೊಟ್ಟ. ತಿಂದವರೆಲ್ಲ ವಾಂತಿ ಮಾಡಿ ಮಾಡಿ ಸುಸ್ತಾದರು. ಆತ ಬೆರೆಸಿದ್ದು ಆರ್ಸೆನಿಕ್ ಎಂಬ ವಿಷ. ಅದರ ಅಪಾಯವೇ ಅದು. ಬಣ್ಣ, ವಾಸನೆ ಕೊಡುವುದಿಲ್ಲ. ವಾಂತಿ, ಹೊಟ್ಟೆನೋವು ಬಂದರೆ ಏನೋ ತಿಂದದ್ದು ಆಗಿಬರಲಿಲ್ಲ ಅಂದುಕೊಳ್ಳುತ್ತೇವೆ. ಆದರೆ ಆ ಆಂಬುಲೆನ್ಸಿನವರು ಹಾಗಂದುಕೊಂಡು ಸುಮ್ಮನಾಗಲಿಲ್ಲ. ತಮ್ಮ ಕೋಣೆಯಲ್ಲಿ ಸಕ್ಕರೆ ಹಾಕದ ಟೀ ಇಟ್ಟು ಹೊರಗೆ ಹೋದರು. ವಾಪಸ್ ಬಂದು ನೋಡಿದರೆ ಟೀ ಸಿಹಿ! ಅದನ್ನು ಲ್ಯಾಬಿಗೆ ಕಳಿಸಿದರು. ಆರ್ಸೆನಿಕ್ ಸಿಕ್ಕಿತು. ಅವನ ಮನೆಯಲ್ಲಿ ಆರ್ಸೆನಿಕ್ ಬೆರೆಸಿದ, ಇರುವೆ ಕೊಲ್ಲುವ ಔಷಧಿಯೂ ಸಿಕ್ಕಿತು. 1985ರಲ್ಲಿ ಐದು ವರ್ಷ ಶಿಕ್ಷೆಯಾಯಿತು.

ನೋಡಿ ಮೇಷ್ಟ್ರೇ, ದೊಡ್ಡ ವಿಶ್ವವಿದ್ಯಾಲಯದ ದೊಡ್ಡ ಡಾಕ್ಟರುಗಳಿಂದ ಆಗದ ಕೆಲಸವನ್ನು ಸ್ಟ್ರೆಚರ್ ಹೊರುವವರು ಮಾಡಿದರು. ಒಂದು ಪಾತ್ರೆ ಟೀಯಲ್ಲಿ!

ಆಮೇಲಿನದ್ದು ಹೊಟ್ಟೆ ಉರಿಸುವ ಕಥೆ. 1987ರಲ್ಲಿ ಜೈಲಿನಿಂದ ಹೊರಬಂದ. ಬಾರಿನಲ್ಲಿ ಆದ ಜಗಳಕ್ಕೆ ಶಿಕ್ಷೆಯಾಗಿತ್ತು ಅಂತ ಸುಳ್ಳು ಕಾಗದ ಮಾಡಿಸಿದ. 1992ರಲ್ಲಿ ಸೌತ್ ಡಕೋಟಾದಲ್ಲಿ ಮತ್ತೆ ಬಿಳಿ ಕೋಟು ತೊಟ್ಟ, 1993ರಲ್ಲಿ ನ್ಯೂಯಾರ್ಕ್‌ನಲ್ಲಿ. ಅಲ್ಲಿ ಸಿಕ್ಕಿಬೀಳುವ ಹೊತ್ತಿಗೆ ಜಿಂಬಾಬ್ವೆಗೆ ಹೋಗಿ ಮ್ನೇನೆ ಎಂಬ ಹಳ್ಳಿಯ ಮಿಷನ್ ಆಸ್ಪತ್ರೆ ಸೇರಿದ. ಅಲ್ಲೂ ರೋಗಿಗಳು ಸತ್ತರು. ಆದರೆ ಆ ಬಡ ಆಸ್ಪತ್ರೆಯವರು ನಮ್ಮ ಹೆಸರು ಕೆಡುತ್ತದೆ ಅಂತ ಕೂರಲಿಲ್ಲ. 1995ರಲ್ಲಿ ಪೊಲೀಸರನ್ನು ಕರೆದರು. 1997ರಲ್ಲಿ ಸೌದಿಗೆ ಹೊರಟಿದ್ದವನು ಶಿಕಾಗೋ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದ. ಒಹಾಯೋ ಆಸ್ಪತ್ರೆಯಲ್ಲಿ 1984ರಲ್ಲಿ ಸತ್ತ 19 ವರ್ಷದ ಹುಡುಗಿಯನ್ನು ಕೊಂದದ್ದು ತಾನೇ ಅಂತ ಒಪ್ಪಿಕೊಂಡದ್ದು 2000ದಲ್ಲಿ. ಹದಿನಾರು ವರ್ಷ! ಆವತ್ತೇ ನರ್ಸುಗಳ ಮಾತಿಗೆ ಬೆಲೆ ಕೊಟ್ಟಿದ್ದರೆ ಎಷ್ಟು ಜನ ಮನೆಗೆ ಹೋಗುತ್ತಿದ್ದರೋ.

ಇಂಗ್ಲೆಂಡಿನ ಹೆರಾಲ್ಡ್ ಶಿಪ್‌ಮನ್ ವಿಷಯವೂ ಇದೇ. ಜನ ಪ್ರೀತಿಯಿಂದ ಕಾಣುತ್ತಿದ್ದ ಫ್ಯಾಮಿಲಿ ಡಾಕ್ಟರ್, ಗುಟ್ಟಾಗಿ ತನ್ನ ರೋಗಿಗಳನ್ನೇ ಕೊಲ್ಲುತ್ತಿದ್ದ. ಅವನ ಮೇಲೆ ಅನುಮಾನಪಟ್ಟವರು ಯಾರು? ಹೆಣ ಸಾಗಿಸುವ ಅಂಗಡಿಯ ಹೆಂಗಸು, ಮುದುಕಿಯರನ್ನು ಕಾರಿನಲ್ಲಿ ಕರೆದೊಯ್ಯುತ್ತಿದ್ದ ಟ್ಯಾಕ್ಸಿ ಡ್ರೈವರ್. ಸತ್ತವರೆಲ್ಲ ಬಟ್ಟೆ ತೊಟ್ಟು ಕುರ್ಚಿಯಲ್ಲಿ ಕೂತೇ ಇರುತ್ತಾರಲ್ಲ ಅಂತ ಆ ಹೆಂಗಸಿಗೆ ಅನ್ನಿಸಿತ್ತು. ಪಕ್ಕದ ಕ್ಲಿನಿಕ್ಕಿನ ಲೇಡಿ ಡಾಕ್ಟರೊಬ್ಬರು 1998ರ ಮಾರ್ಚ್‌ನಲ್ಲಿ ಅಧಿಕಾರಿಗಳಿಗೆ ಹೇಳಿದರು. ಪೊಲೀಸರು ಮೇಲೆ ಮೇಲೆ ನೋಡಿ ಫೈಲ್ ಮುಚ್ಚಿದರು. ಆಮೇಲೆ ಇನ್ನೂ ಮೂವರು ಸತ್ತರು. 2002ರಲ್ಲಿ ವಿಚಾರಣಾ ಆಯೋಗ ಲೆಕ್ಕ ಹಾಕಿದಾಗ ಕೊಂದದ್ದು 215 ಜನರನ್ನು.

ದೂರದ ದೇಶದ ಮಾತು ಅಂತೀರಾ? 2013ರ ಜುಲೈನಲ್ಲಿ ಬಿಹಾರದ ಛಪ್ರಾ ಹತ್ತಿರದ ಹಳ್ಳಿಯ ಶಾಲೆಯಲ್ಲಿ ಬಿಸಿಯೂಟ ತಿಂದು 23 ಮಕ್ಕಳು ಸತ್ತವು. ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಬೆರೆತಿತ್ತು. ನಮ್ಮ ಹತ್ತಿ ಹೊಲದವರಿಗೆ ಈ ಹೆಸರು ಚೆನ್ನಾಗಿ ಗೊತ್ತು. ಎಣ್ಣೆ ಸರಿಯಿಲ್ಲ ಅಂತ ಅಡುಗೆಯಾಕೆ ಮೊದಲೇ ಹೇಳಿದ್ದರು. ಮುಖ್ಯೋಪಾಧ್ಯಾಯಿನಿಯಿಂದ ಸುಮ್ನೆ ಅಡುಗೆ ಮಾಡು ಅನ್ನುವ ಉತ್ತರ ಬಂತು. ಆ ಮುಖ್ಯೋಪಾಧ್ಯಾಯಿನಿಗೆ 2016ರಲ್ಲಿ ಶಿಕ್ಷೆಯಾಯಿತು. ಶಿಕ್ಷೆಯಾದರೆ ಮಕ್ಕಳು ಬರುತ್ತವೆಯೇ?

ಇನ್ನು ನನ್ನ ಮನೆಯದೇ ಒಂದು ಮಾತು. ಇಪ್ಪತ್ತೈದು ವರ್ಷದ ಹಿಂದೆ ನಮ್ಮ ಅವ್ವನನ್ನು ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ರಾತ್ರಿ ಡ್ರಿಪ್ ಬದಲಾಯಿಸಿದರು. ಕಸ ಗುಡಿಸಲು ಬಂದ ಆಯಾ ಒಂದು ಗಳಿಗೆ ನಿಂತು ನೋಡಿ, "ಯಣ್ಣಾ, ಈ ಬಾಟ್ಲಿ ನಿಮ್ಮವ್ವಂದಲ್ಲ, ಪಕ್ಕದ ಬೆಡ್ಡಿಂದು" ಅಂದರು. ಅಕ್ಷರ ಬಾರದ ಹೆಣ್ಣುಮಗಳು. ಪಕ್ಕದ ಬೆಡ್ಡಿನ ಬಾಟಲಿಗೆ ನೀಲಿ ಮುಚ್ಚಳ ಇರುವುದನ್ನು ದಿನಾ ನೋಡುತ್ತಿದ್ದರು. ಡ್ಯೂಟಿ ಡಾಕ್ಟರ್ ರೇಗಿದರು: "ನಿನ್ನ ಕೆಲಸ ಕಸ ಹೊಡೆಯೋದು, ಹೋಗು." ಆಕೆ ಹೋಗಲಿಲ್ಲ. ಪೊರಕೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತರು. ಕೊನೆಗೆ ಒಬ್ಬ ಚಿಕ್ಕ ವಯಸ್ಸಿನ ನರ್ಸ್ ಕೇಸ್ ಶೀಟ್ ತಂದು ನೋಡಿದಳು. ಆಯಾ ಹೇಳಿದ್ದೇ ನಿಜ. ಅಲ್ಲಿ ವಿಷವೂ ಇರಲಿಲ್ಲ, ಕೆಟ್ಟ ಮನಸ್ಸೂ ಇರಲಿಲ್ಲ, ಬರೀ ಕಣ್ತಪ್ಪು. ಆದರೆ ಅವ್ವ ಆಮೇಲೆ ಹನ್ನೊಂದು ವರ್ಷ ಬದುಕಿದ್ದು ಆ ಪೊರಕೆಯವರ ದಯೆಯಿಂದ. ಮಾರನೇ ವಾರ ಕೃತಜ್ಞತೆ ಹೇಳಲು ಸೀರೆ ತೆಗೆದುಕೊಂಡು ಹೋದೆ. ಅವರನ್ನು ಬೇರೆ ಕಡೆ ಹಾಕಿದ್ದರು. ಯಾಕೆ ಅಂತ ಯಾರೂ ಹೇಳಲಿಲ್ಲ. ಆ ಸೀರೆ ಈಗಲೂ ನಮ್ಮ ಬೀರುವಿನಲ್ಲಿದೆ.

ಮೇಷ್ಟ್ರೇ, ಪ್ರತಿ ವರ್ಷ ಮಕ್ಕಳನ್ನು ಕಟ್ಟಿಕೊಂಡು ಚಿತ್ರದುರ್ಗಕ್ಕೆ ಹೋಗಿ ಓಬವ್ವನ ಕಿಂಡಿ ತೋರಿಸುತ್ತಿದ್ದೆ ಅಂತ ನೀವೇ ಬರೆದಿದ್ದೀರಿ. ಓಬವ್ವ ಯಾರು? ಕಾವಲುಗಾರನ ಹೆಂಡತಿ. ನೀರಿಗೆ ಹೋದಾಗ ಕಿಂಡಿಯಲ್ಲಿ ಸದ್ದು ಕೇಳಿಸಿತು. ಪಾಳೆಗಾರರ ಕಿವಿಗೂ ದಳವಾಯಿಯ ಕಿವಿಗೂ ಬೀಳದ ಸದ್ದು, ನೀರು ಹೊರುವವಳ ಕಿವಿಗೆ ಬಿತ್ತು. ಅವಳಿಗೆ ಕೈ ಮುಗಿಯುವ ನಾವು, ವಾರ್ಡಿನಲ್ಲಿ ನೀರು ಹಿಡಿಯುವವಳು ಬಾಯಿ ತೆರೆದರೆ ಗುಸುಗುಸು ಅನ್ನುತ್ತೇವೆ. ಇತಿಹಾಸ ಪಾಠ ಮಾಡಿದ ನಿಮ್ಮಿಂದ ಈ ಮಾತು ಬಂದದ್ದಕ್ಕೇ ನನಗೆ ನೋವು ಜಾಸ್ತಿ.

ಆಸ್ಪತ್ರೆ ಒಂದೇ ಅಲ್ಲ, ಎಲ್ಲ ಕಡೆ ಇದೇ ಹಾಡು. ಕೊಳವೆಬಾವಿ ನೀರು ವಾಸನೆ ಬರುತ್ತಿದೆ ಅಂತ ವಾಟರ್‌ಮ್ಯಾನ್ ಹೇಳಿದರೆ ಇಂಜಿನಿಯರ್ ಕೇಳುವುದಿಲ್ಲ. ಕಟ್ಟಡ ಬಿರುಕು ಬಿಟ್ಟಿದೆ ಅಂತ ಜವಾನ ಹೇಳಿದರೆ ಹೆಡ್‌ಮಾಸ್ಟರ್ ಕೇಳುವುದಿಲ್ಲ. ಈಗಂತೂ ನರ್ಸುಗಳು, ಸ್ವಚ್ಛತೆಯವರು ಹೊರಗುತ್ತಿಗೆಯವರು. ವರ್ಷಕ್ಕೊಮ್ಮೆ ಕೆಲಸ ಉಳಿಯುತ್ತದೋ ಇಲ್ಲವೋ ಅಂತ ಜೀವ ಹಿಡಿದುಕೊಂಡು ಕೂರುವವರು ಡಾಕ್ಟರ್ ಮೇಲೆ ದೂರು ಕೊಡುತ್ತಾರಾ? ಅಕ್ರಮ ಬಯಲಿಗೆ ತಂದವರನ್ನು ಕಾಪಾಡುವ ಕಾಯ್ದೆ 2014ರಲ್ಲೇ ಸಂಸತ್ತಿನಲ್ಲಿ ಪಾಸಾಯಿತು. ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಹತ್ತು ವರ್ಷ ಕಳೆದರೂ ಜಾರಿಗೆ ಬರಲಿಲ್ಲ. ಅದೂ ಸರ್ಕಾರಿ ನೌಕರರ ಅಕ್ರಮಕ್ಕೆ ಸಂಬಂಧಿಸಿದ್ದು. ಖಾಸಗಿ ಆಸ್ಪತ್ರೆಯ ನರ್ಸ್ ಯಾರ ಬಾಗಿಲು ಬಡಿಯಬೇಕು, ಹೇಳಿ.

ಮುಂದಿನ ಸಂಚಿಕೆಯಿಂದ ಎರಡು ಪುಟ ನರ್ಸುಗಳಿಗೆ, ಆಯಾಗಳಿಗೆ, ವಾರ್ಡ್ ಬಾಯ್‌ಗಳಿಗೆ ಬಿಟ್ಟಿದ್ದೇನೆ. ಬರೆಯಲು ಬಾರದವರು ಕಚೇರಿಗೆ ಬಂದು ಹೇಳಲಿ, ನಾನೇ ಬರೆದುಕೊಳ್ಳುತ್ತೇನೆ. ಅವರ ಹೆಸರು, ಆಸ್ಪತ್ರೆ ಹೆಸರು ಎರಡೂ ಹಾಕುವುದಿಲ್ಲ. ನಿಮ್ಮ ಪ್ರತಿಯ ಜೊತೆ ಇನ್ನೊಂದು ಪ್ರತಿ ಬೇರೆ ಕವರಿನಲ್ಲಿ ಇಟ್ಟಿದ್ದೇನೆ. ಅದು ನಿಮ್ಮ ಮೊಮ್ಮಗಳಿಗೆ. ಅವಳ ಇಂಟರ್ನ್‌ಶಿಪ್ ಶುರುವಾಗುವ ಮೊದಲು ಕೊಡಿ, ಮೇಷ್ಟ್ರೇ.