ಜರ್ಮನಿಯಲ್ಲಿ ಎಂಎಸ್ ಓದುವಾಗ ದಿನ ಹೇಗಿರುತ್ತದೆ? ತಿರುಗಾಡಲು ಸಮಯ, ದುಡ್ಡು ಉಳಿಯುತ್ತದಾ?

ನೀವು ಕೇಳಿದ್ದು ಎರಡು. ಓದಲು ಹೋದವರ ದಿನ ನಿಜಕ್ಕೂ ಹೇಗೆ ಸಾಗುತ್ತದೆ ಅನ್ನೋದು ಒಂದು. ಇನ್‌ಸ್ಟಾಗ್ರಾಮ್‌ನಲ್ಲಿ ಕಾಣುವ ಹಾಗೆ ವಾರಕ್ಕೊಂದು ಊರು ಸುತ್ತುವುದು ಆಗುವ ಮಾತಾ ಅನ್ನೋದು ಇನ್ನೊಂದು. ನಾನು ಆಖೆನ್‌ನಲ್ಲಿ ಮೆಕ್ಯಾನಿಕಲ್ ಮಾಸ್ಟರ್ಸ್ ಮಾಡುತ್ತಿದ್ದೇನೆ. ಜರ್ಮನಿಯ ಪಶ್ಚಿಮದ ತುದಿಯಲ್ಲಿರುವ ಊರು. ಇಲ್ಲಿಯದನ್ನೇ ಹೇಳುತ್ತೇನೆ. ಬರ್ಲಿನ್, ಮ್ಯೂನಿಕ್ ಕತೆ ಬೇರೆ.

ಚಿಕ್ಕ ಉತ್ತರ: ಪ್ಯಾರಿಸ್, ಸ್ವಿಟ್ಜರ್ಲೆಂಡ್ ಅಪರೂಪ. ಆದರೆ ಬೆಳಗ್ಗೆ ಹೋಗಿ ಸಂಜೆ ಬರುವ ಜಾಗಗಳಿಗೆ ಬರವಿಲ್ಲ. ನನಗಂತೂ ಅವೇ ಜಾಸ್ತಿ ಇಷ್ಟ.

ಮೊದಲು ವಾರದ ದಿನಗಳು. ಇವು ಸಪ್ಪೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಕ್ಲಾಸು, ಲೈಬ್ರರಿ, ಪಾರ್ಟ್‌ಟೈಮ್ ಕೆಲಸ, ಅಡುಗೆ, ನಿದ್ದೆ. ಹೆಚ್ಚಿನ ಲೆಕ್ಚರ್‌ಗಳಿಗೆ ಹಾಜರಿ ಕೇಳುವುದಿಲ್ಲ. ಇಂಟರ್ನಲ್ಸ್ ಇಲ್ಲ, ಯಾರೂ ಬೆನ್ನು ಹತ್ತುವುದಿಲ್ಲ. ಇದು ಸುಖ ಅನಿಸುತ್ತದೆ ಅಲ್ವಾ? ಆದರೆ ಎಷ್ಟೋ ವಿಷಯಗಳಲ್ಲಿ ಕೊನೆಗೆ ಬರುವ ಒಂದೇ ಪರೀಕ್ಷೆ ಪೂರ್ತಿ ಅಂಕ ನಿರ್ಧರಿಸುತ್ತದೆ. ಸಾಮಾನ್ಯವಾಗಿ ಸಿಗುವುದು ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರನೆಯದೂ ಹೋದರೆ ಆ ಕೋರ್ಸೇ ಮುಗಿಯಿತು. ಹಾಗಾಗಿ ಫೆಬ್ರವರಿ, ಮಾರ್ಚ್‌ನಲ್ಲಿ, ಮತ್ತೆ ಜುಲೈನಿಂದ ಬೇಸಿಗೆ ಮುಗಿಯುವವರೆಗೂ ಲೈಬ್ರರಿಯಲ್ಲಿ ಸೀಟು ಸಿಗುವುದೇ ಕಷ್ಟ. ತಿರುಗಾಟವೆಲ್ಲ ಇದರ ನಡುವಿನ ಸಂದುಗಳಲ್ಲಿ.

ಮಧ್ಯಾಹ್ನ ಮೆನ್ಸಾ, ಅಂದರೆ ಯೂನಿವರ್ಸಿಟಿ ಕ್ಯಾಂಟೀನ್. ಸ್ಟೂಡೆಂಟ್‌ಗಳಿಗೆ ಕಡಿಮೆ ಬೆಲೆ, ಸಸ್ಯಾಹಾರವೂ ಇರುತ್ತದೆ, ರುಚಿ ಕೇಳಬೇಡಿ. ರಾತ್ರಿ ಅನ್ನ, ಸಾರು. ತೊಗರಿಬೇಳೆ, ಹುಣಸೆಹಣ್ಣು ಇಂಡಿಯನ್ ಅಂಗಡಿಯಲ್ಲಿ ಸಿಗುತ್ತವೆ. ಊರಿನ ಸಾರಿನ ಪುಡಿ ಮಾತ್ರ ಅಮ್ಮನೇ ಕಟ್ಟಿಕೊಡಬೇಕು. ಚಳಿಗಾಲದಲ್ಲಿ ಇಂಡಿಯಾ ನಮಗಿಂತ ನಾಲ್ಕೂವರೆ ಗಂಟೆ ಮುಂದೆ. ಊಟ ಮುಗಿಸಿ ಫೋನ್ ಮಾಡೋಣ ಅಂದರೆ ಮನೆಯಲ್ಲಿ ನಡುರಾತ್ರಿ. ಅದಕ್ಕೇ ನನ್ನ ಫೋನೆಲ್ಲ ಮೆನ್ಸಾ ಹೊರಗಿನ ಬೆಂಚಿನಿಂದ.

ಈಗ ತಿರುಗಾಟ. ಇದರ ಗುಟ್ಟು ಇರುವುದು ಸೆಮಿಸ್ಟರ್ ಫೀಸ್‌ನಲ್ಲಿ. ಇಲ್ಲಿ ಹೆಚ್ಚಿನ ಕೋರ್ಸ್‌ಗಳಿಗೆ ಟ್ಯೂಷನ್ ಫೀಸ್ ಇಲ್ಲ. ಆರು ತಿಂಗಳಿಗೆ 300 ಯೂರೋ ಚಿಲ್ಲರೆ ಕಟ್ಟುತ್ತೇವೆ. ಅದರಲ್ಲೇ ಡಾಯ್ಚ್‌ಲಂಡ್ ಸೆಮಿಸ್ಟರ್ ಟಿಕೆಟ್ ಅನ್ನುವ ಪಾಸ್ ಸೇರಿದೆ. ಸ್ಟೂಡೆಂಟ್ ಅಲ್ಲದವರು ಕೊಳ್ಳುವ ಡಾಯ್ಚ್‌ಲಂಡ್ ಟಿಕೆಟ್‌ನ 60 ಶೇಕಡಾ ಬೆಲೆಗೆ ನಮಗದು ಸಿಗುತ್ತದೆ. ದೇಶದ ಸಿಟಿ ಬಸ್, ಟ್ರಾಮ್, ಮೆಟ್ರೋ, ರೀಜನಲ್ ರೈಲು ಎಲ್ಲಕ್ಕೂ ನಡೆಯುತ್ತದೆ. ವೇಗದ ಐಸಿಇ, ಐಸಿ ರೈಲಿಗೆ ಮಾತ್ರ ಇಲ್ಲ. ಅಂದರೆ ಕಲೋನ್‌ಗೆ ಹೋಗಲು ಬೇರೆ ದುಡ್ಡೇ ಬೇಡ. ರೀಜನಲ್ ರೈಲಿನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ. ಸ್ಟೇಷನ್ ಬಾಗಿಲು ದಾಟಿದರೆ 157 ಮೀಟರ್ ಎತ್ತರದ ಕ್ಯಾಥೆಡ್ರಲ್ ಎದುರಿಗೇ ನಿಂತಿರುತ್ತದೆ. ರೈಲು ಸಮಯಕ್ಕೆ ಬರುತ್ತದಾ ಅಂತ ಕೇಳಬೇಡಿ. ಜರ್ಮನ್ನರ ಸಮಯಪಾಲನೆ ಅನ್ನುವುದನ್ನು ನಾನಿನ್ನೂ ಪ್ಲಾಟ್‌ಫಾರ್ಮ್‌ನಲ್ಲಿ ಕಂಡಿಲ್ಲ.

ಭಾನುವಾರ ಜರ್ಮನಿಯಲ್ಲಿ ಅಂಗಡಿಗಳು ಬಂದ್. ಹಾಲು ಮುಗಿದರೆ ಕಷ್ಟ. ಆಖೆನ್‌ನವರು ಏನು ಮಾಡುತ್ತಾರೆ ಗೊತ್ತಾ? ಹಾಲು ತರಲು ಇನ್ನೊಂದು ದೇಶಕ್ಕೆ ಹೋಗುತ್ತಾರೆ! ಪಕ್ಕದ ಫಾಲ್ಸ್ ಅನ್ನುವ ಊರು ನೆದರ್‌ಲ್ಯಾಂಡ್ಸ್‌ಗೆ ಸೇರಿದ್ದು, ಅಲ್ಲಿನ ಸೂಪರ್ ಮಾರ್ಕೆಟ್ ಭಾನುವಾರವೂ ತೆರೆದಿರುತ್ತದೆ. ಬೆಂಗಳೂರಿನ ವಿಜಯನಗರದಿಂದ ಮಲ್ಲೇಶ್ವರಕ್ಕೆ ಹೋದಷ್ಟು ದೂರ. ಸೈಕಲ್‌ನಲ್ಲೇ ಹೋಗುತ್ತೇವೆ. ಬೋರ್ಡುಗಳ ಭಾಷೆ ಬದಲಾದಾಗಲೇ ದೇಶ ಬದಲಾಗಿದ್ದು ತಿಳಿಯುವುದು.

ಚೀಲ ತುಂಬಿಸುವ ಮೊದಲು ಅಲ್ಲಿನ ಗುಡ್ಡ ಹತ್ತಿ ಬನ್ನಿ. 322 ಮೀಟರ್. ಯುರೋಪಿನೊಳಗಿನ ನೆದರ್‌ಲ್ಯಾಂಡ್ಸ್‌ನಲ್ಲಿ ಇದೇ ಅತಿ ಎತ್ತರದ ಜಾಗ. ನಮ್ಮ ಚಿಕ್ಕಮಗಳೂರಿನವರಿಗೆ ಹೇಳಿದರೆ ನಕ್ಕಾರು. ತುದಿಯಲ್ಲಿ ಮೂರು ದೇಶಗಳ ಗಡಿ ಸೇರುವ ಕಲ್ಲಿದೆ. ಸುಮ್ನೆ ಕಲ್ಲನ್ನು ಒಂದು ಸುತ್ತು ಹಾಕಿದರೆ ನೆದರ್‌ಲ್ಯಾಂಡ್ಸ್, ಬೆಲ್ಜಿಯಂ, ಜರ್ಮನಿ ಮೂರೂ ಆಯಿತು. ಸತು ಗಣಿಯೊಂದರ ಜಗಳದಿಂದಾಗಿ 1816ರಿಂದ 1920ರವರೆಗೆ ಇಲ್ಲೇ ನ್ಯೂಟ್ರಲ್ ಮೊರೆಸ್ನೆ ಅನ್ನುವ, ಯಾವ ದೇಶಕ್ಕೂ ಪೂರ್ತಿ ಸೇರದ ಪುಟ್ಟ ತುಂಡು ನೆಲವೂ ಇತ್ತು.

ನನಗೆ ಎಲ್ಲಕ್ಕಿಂತ ಇಷ್ಟ ಫೆನ್‌ಬಾನ್. ಹಳೇ ರೈಲು ದಾರಿಯ ಹಳಿ ಕಿತ್ತು ಮಾಡಿದ ಸೈಕಲ್ ದಾರಿ. ಆಖೆನ್‌ನಿಂದ ಬೆಲ್ಜಿಯಂ ದಾಟಿ ಲಕ್ಸೆಂಬರ್ಗ್‌ನ ಟ್ರೋವಿಯೇರ್ಜ್‌ವರೆಗೆ 125 ಕಿಲೋಮೀಟರ್. ರೈಲು ಹತ್ತುತ್ತಿದ್ದ ದಾರಿಯಾದ್ದರಿಂದ ಏರು ನಿಧಾನ, ಕಾಲು ನೋಯುವುದಿಲ್ಲ. ಇದರಲ್ಲೊಂದು ತಮಾಷೆ ಇದೆ. ಮೊದಲ ಮಹಾಯುದ್ಧದ ನಂತರ ಈ ರೈಲು ದಾರಿಯನ್ನು ಬೆಲ್ಜಿಯಂಗೆ ಕೊಟ್ಟರು. ಕೆಲವು ಕಡೆ ಎಡಬಲದ ಊರು ಜರ್ಮನಿಯದು, ನೀವು ತುಳಿಯುತ್ತಿರುವ ದಾರಿ ಮಾತ್ರ ಬೆಲ್ಜಿಯಂನದು. ಪೂರ್ತಿ ಹೋಗುವ ಹಟ ಬೇಡ. ಮಧ್ಯಾಹ್ನದವರೆಗೆ ತುಳಿದು, ಬುತ್ತಿ ಬಿಚ್ಚಿ, ಇಳಿಜಾರಿನಲ್ಲಿ ವಾಪಸ್ ಬಂದುಬಿಡಿ.

ಭಾನುವಾರ ಬೆಳಗ್ಗೆ ಬೇಗ ಏಳುವವರಾದರೆ ಬೆಲ್ಜಿಯಂನ ಲಿಯೇಜ್‌ಗೆ ಹೋಗಿ. ಮ್ಯೂಸ್ ನದಿಯ ದಂಡೆಯಲ್ಲಿ ಲಾ ಬಾಟ್ ಸಂತೆ. ತರಕಾರಿ, ಆಲಿವ್, ಬಟ್ಟೆ, ಕೂಗಾಟ. ಆಖೆನ್‌ನ ಭಾನುವಾರದ ಮೌನ ಸಾಕಾದವರಿಗೆ ಹೇಳಿ ಮಾಡಿಸಿದ ಜಾಗ. ಆದರೆ ಗಡಿಯಾಚೆಗಿನ ರೈಲಿಗೆ ನಮ್ಮ ಟಿಕೆಟ್ ನಡೆಯುವುದಿಲ್ಲ, ಬೇರೆ ಕೊಳ್ಳಬೇಕು. ಇನ್ನೊಂದು: 2024ರ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲ ನೆಲದ ಗಡಿಗಳಲ್ಲಿ ತಪಾಸಣೆ ಶುರುಮಾಡಿದೆ. ಹಾಲು ತರಲು ಹೋದರೂ ಪಾಸ್‌ಪೋರ್ಟ್, ರೆಸಿಡೆನ್ಸ್ ಪರ್ಮಿಟ್ ಜೇಬಿನಲ್ಲಿರಲಿ.

ಊರೊಳಗಿನದನ್ನು ಬಿಡಬೇಡಿ. ಇಲ್ಲಿನ ಕ್ಯಾಥೆಡ್ರಲ್ 1978ರಲ್ಲಿ ಯುನೆಸ್ಕೋ ಮಾಡಿದ ಮೊದಲ ವಿಶ್ವ ಪರಂಪರೆ ಪಟ್ಟಿಯಲ್ಲೇ ಇದೆ. ಚಕ್ರವರ್ತಿ ಶಾರ್ಲ್‌ಮೇನ್‌ನನ್ನು 814ರಲ್ಲಿ ಹೂಳಿದ್ದು ಇಲ್ಲಿಯೇ. ಹತ್ತಿರದಲ್ಲೇ ಎಲೀಸೆನ್‌ಬ್ರುನ್ನೆನ್ ಅನ್ನುವ ಕಾರಂಜಿ. ಬಿಸಿ ಗಂಧಕದ ನೀರು, ಕೊಳೆತ ಮೊಟ್ಟೆಯ ವಾಸನೆ. ಊರಿಂದ ಬಂದವರನ್ನು ನಾನು ಮೊದಲು ಕರೆದೊಯ್ಯುವುದು ಅಲ್ಲಿಗೇ, ಮುಖ ನೋಡಲು.

ಇನ್ನು ದುಡ್ಡು. ವೀಸಾಕ್ಕೆ ಬ್ಲಾಕ್ಡ್ ಅಕೌಂಟ್‌ನಲ್ಲಿ, ಅಂದರೆ ಮೊದಲೇ ದುಡ್ಡಿಟ್ಟು ತಿಂಗಳಿಗಿಷ್ಟೇ ತೆಗೆಯಬಹುದಾದ ಖಾತೆಯಲ್ಲಿ, 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೋ ತೋರಿಸಬೇಕು. ತಿಂಗಳಿಗೆ 992 ಕೈಗೆ ಬರುತ್ತದೆ. ರೂಮು, ಹೆಲ್ತ್ ಇನ್ಶೂರೆನ್ಸ್, ದಿನಸಿ ಕಳೆದರೆ ಹೆಚ್ಚೇನೂ ಉಳಿಯುವುದಿಲ್ಲ. ಕೆಲಸಕ್ಕೆ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಅನುಮತಿ ಇದೆ. ಸಾಧ್ಯವಾದರೆ ಯೂನಿವರ್ಸಿಟಿಯಲ್ಲೇ ಹೀವಿ ಕೆಲಸ ಹುಡುಕಿ, ಅಂದರೆ ಪ್ರೊಫೆಸರ್ ಕೈಕೆಳಗೆ ಸಹಾಯಕನ ಕೆಲಸ. ಪರೀಕ್ಷೆ ಬಂತು ಅಂದರೆ ಅವರಿಗೆ ಬಿಡಿಸಿ ಹೇಳಬೇಕಿಲ್ಲ.

ನೀವು ಅಕ್ಟೋಬರ್ ಸೆಮಿಸ್ಟರ್‌ಗೆ ಬರುವವರಾದರೆ ಬಂದ ತಿಂಗಳಲ್ಲೇ ಒಂದು ಸೆಕೆಂಡ್‌ಹ್ಯಾಂಡ್ ಸೈಕಲ್ ಕೊಂಡು ಫೆನ್‌ಬಾನ್ ನೋಡಿಬಿಡಿ. ಡಿಸೆಂಬರ್‌ನಲ್ಲಿ ಬೆಳಗಾಗುವುದು ಎಂಟೂವರೆಗೆ, ಕತ್ತಲಾಗುವುದು ನಾಲ್ಕೂವರೆ ದಾಟಿದ ಕೂಡಲೇ. ಮೇಲೆ ಮಳೆ ಬೇರೆ. ಸೈಕಲ್‌ಗೆ ಹಿಂದೆ ಮುಂದೆ ಲೈಟ್ ಇದೆಯಾ ನೋಡಿ ಕೊಳ್ಳಿ. ಲೈಟ್ ಇಲ್ಲದೆ ಪೊಲೀಸರ ಕೈಗೆ ಸಿಕ್ಕರೆ 20 ಯೂರೋ ದಂಡ.